ಕಡಲಿಲ್ಲದ ನಾಡಿನ ಪಿತೃಗಳು: ಕಪ್ಪದೋಕ್ಯದ ಹಾದಿಯಲ್ಲಿ

ಹೊಸ ಒಡಂಬಡಿಕೆಯಲ್ಲಿ ಕಪ್ಪದೋಕ್ಯ ಎಂಬ ಹೆಸರು ಎರಡೇ ಸಲ ಬರುತ್ತದೆ. ಪಂಚಾಶತ್ತಮ ದಿನದಂದು ಯೆರೂಸಲೇಮಿನಲ್ಲಿ ನೆರೆದು, ತಮ್ಮ ತಮ್ಮ ಭಾಷೆಯಲ್ಲಿ ದೇವರ ಮಹತ್ಕಾರ್ಯಗಳನ್ನು ಕೇಳಿದವರ ಪಟ್ಟಿಯಲ್ಲಿ ಒಮ್ಮೆ. ಪೇತ್ರನ ಮೊದಲನೆಯ ಪತ್ರಿಕೆಯ ಆರಂಭದಲ್ಲಿ, ಚದರಿದ ಪ್ರವಾಸಿಗಳಿಗೆ ಬರೆದ ವಿಳಾಸದಲ್ಲಿ ಇನ್ನೊಮ್ಮೆ. ಎರಡೂ ಕಡೆ ಅದು ಪೊಂತ, ಆಸ್ಯ ಮುಂತಾದ ಹೆಸರುಗಳ ನಡುವೆ ಸಿಕ್ಕಿಕೊಂಡು ಓದುವವರ ನಾಲಗೆಯಿಂದ ಬೇಗನೆ ಜಾರಿಹೋಗುತ್ತದೆ. ಸಭಾಚರಿತ್ರೆಯ ತರಗತಿಗೆ ಬಂದಾಗ ಅದೇ ಹೆಸರು ದೊಡ್ಡದಾಗುತ್ತದೆ: ಬೆಸಿಲ್, ಅವನ ತಮ್ಮನಾದ ನಿಸ್ಸಾದ ಗ್ರೆಗೊರಿ, ಅವರ ಗೆಳೆಯನಾದ ನಾಜಿಯಾನ್ಜಸ್‌ನ ಗ್ರೆಗೊರಿ, ಒಂದು ಊಸಿಯಾ, ಮೂರು ಹೈಪೋಸ್ಟಾಸಿಸ್, ಪರೀಕ್ಷೆಯಲ್ಲಿ ಹತ್ತು ಅಂಕ. ನಾವು ಕಲಿತದ್ದೂ ಹಾಗೆಯೇ, ಅನೇಕ ವರ್ಷ ಕಲಿಸಿದ್ದೂ ಹಾಗೆಯೇ. ಈ ಸೂತ್ರವನ್ನು ಕಟ್ಟಿದವರ ಕಾಲಡಿಯಲ್ಲಿ ಎಂಥ ನೆಲವಿತ್ತು ಎಂದು ಒಬ್ಬ ವಿದ್ಯಾರ್ಥಿಯೂ ನಮ್ಮನ್ನು ಕೇಳಲಿಲ್ಲ. ನಾವೂ ನಮ್ಮನ್ನು ಕೇಳಿಕೊಳ್ಳಲಿಲ್ಲ.

ಆ ನೆಲವನ್ನು ನೋಡಲು ನಾವು ನಾಲ್ವರು ಅಧ್ಯಾಪಕರು ಹೊರಟಾಗ, ನಮ್ಮಲ್ಲೊಬ್ಬರು ನಿಸ್ಸಾದ ಗ್ರೆಗೊರಿಯ ಒಂದು ಪತ್ರವನ್ನು ಜೊತೆಗೆ ತಂದಿದ್ದರು. ಯೆರೂಸಲೇಮಿಗೆ ಯಾತ್ರೆ ಹೋಗುವುದನ್ನು ಭಕ್ತಿಯ ಅಂಗವೆಂದು ಭಾವಿಸುವವರಿಗೆ ಆತ ಅದರಲ್ಲಿ ಬುದ್ಧಿ ಹೇಳುತ್ತಾನೆ. ಸ್ಥಳ ಬದಲಾಯಿಸಿದರೆ ದೇವರು ಹತ್ತಿರವಾಗುವುದಿಲ್ಲ. ಯಜ್ಞವೇದಿಗಳ ಸಂಖ್ಯೆಯಿಂದ ಅಳೆಯುವುದಾದರೆ ದೇವರು ಕಪ್ಪದೋಕ್ಯದಲ್ಲಿಯೇ ಹೆಚ್ಚಾಗಿ ವಾಸಿಸುತ್ತಾನೆಂದು ಹೇಳಬೇಕಾದೀತು ಎಂಬುದು ಆತನ ವಾದದ ಸಾರ. ಆತ ಸ್ವತಃ ಯೆರೂಸಲೇಮಿಗೆ ಹೋಗಿಬಂದು ಈ ಮಾತು ಬರೆದವನು. ಯಾತ್ರೆ ಬೇಡವೆಂದವನ ಊರಿಗೇ ಯಾತ್ರೆ ಹೊರಟಿದ್ದೇವೆಂದು ನಾವು ನಕ್ಕೆವು. ಆದರೆ ಆ ಪತ್ರದಲ್ಲಿದ್ದ ಎಚ್ಚರಿಕೆ ಮುಂದೆ ನಮ್ಮ ಕೆಲಸಕ್ಕೆ ಬಂತು.

ಇಂದಿನ ತುರ್ಕಿಯ ನಡುನಾಡಿನಲ್ಲಿರುವ ಕೈಸೇರಿ ನಗರವೇ ಹಿಂದಿನ ಕೈಸರೈಯ, ಬೆಸಿಲನ ಪಟ್ಟಣ. ಸಮುದ್ರಮಟ್ಟಕ್ಕಿಂತ ಸಾವಿರ ಮೀಟರಿಗೂ ಎತ್ತರದ ಬಯಲು. ಆ ಬಯಲಿನ ತಲೆಯ ಮೇಲೆ ನಿಂತಂತೆ ಏರ್ಜಿಯೆಸ್ ಪರ್ವತವಿದೆ. ಪುರಾತನರು ಅದನ್ನು ಅರ್ಗಯೊಸ್ ಎನ್ನುತ್ತಿದ್ದರು. 3,917 ಮೀಟರ್ ಎತ್ತರದ ಈ ಜ್ವಾಲಾಮುಖಿಯನ್ನು ಆ ಊರಿನವರು ತಮ್ಮ ನಾಣ್ಯಗಳ ಮೇಲೆಯೇ ಒತ್ತಿಸಿಕೊಂಡಿದ್ದರು. ಭೂಗೋಳಕಾರ ಸ್ಟ್ರೇಬೊ ಬರೆದಿರುವಂತೆ ಅದರ ಶಿಖರದ ಹಿಮ ಎಂದಿಗೂ ಕರಗುತ್ತಿರಲಿಲ್ಲ. ಸುತ್ತಲಿನ ನೆಲದಲ್ಲಿ ಬೆಂಕಿಯ ಕುಳಿಗಳಿದ್ದು ರಾತ್ರಿಯ ವೇಳೆ ಜ್ವಾಲೆ ಕಾಣುತ್ತಿತ್ತು. ಪಟ್ಟಣ ಕಟ್ಟುವುದಕ್ಕೆ ಇದು ತಕ್ಕ ಸ್ಥಳವೇ ಅಲ್ಲ, ನೀರೂ ಇಲ್ಲ, ಸಹಜವಾದ ರಕ್ಷಣೆಯೂ ಇಲ್ಲ ಎಂದು ಅವನು ಟೀಕಿಸಿದ್ದಾನೆ. ನಾವು ಅಲ್ಲಿ ಇಳಿದ ಮುಂಜಾನೆ ಪರ್ವತದ ಅರ್ಧ ಭಾಗ ಮೋಡದಲ್ಲಿತ್ತು. ಮಧ್ಯಾಹ್ನ ಮೋಡ ಸರಿದಾಗ, ಬೀದಿಯ ಕೊನೆಯಲ್ಲೆಲ್ಲ ಅದೇ ಎದುರಾಗತೊಡಗಿತು.

ಈ ನಾಡಿನ ಪ್ರಾಚೀನತೆಯ ಬಗ್ಗೆ ಎರಡು ಮಾತು ಹೇಳಿ ಮುಂದೆ ಸಾಗುತ್ತೇವೆ. ಇಲ್ಲಿನ ಬೆಂಕಿಬೆಟ್ಟಗಳು ಕೊಟ್ಟ ಅಬ್ಸಿಡಿಯನ್ ಎಂಬ ಕಪ್ಪು ಗಾಜುಗಲ್ಲು, ಲೋಹವನ್ನರಿಯದ ಕಾಲದಲ್ಲಿ ಕತ್ತಿಯ ಅಲಗಾಗಿ ಯೆರಿಕೋವಿನ ತನಕ ಹೋಗಿತ್ತು. ಅಬ್ರಹಾಮನಿಗಿಂತ ಸಾವಿರಾರು ವರ್ಷಗಳ ಹಿಂದಿನ ಮಾತಿದು. ಕೈಸೇರಿಯಿಂದ ಸುಮಾರು 20 ಕಿಲೋಮೀಟರ್ ದೂರದ ಕ್ಯುಲ್‌ತೆಪೆ ದಿಬ್ಬದಲ್ಲಿ, ಕ್ರಿಸ್ತಪೂರ್ವ ಎರಡನೆಯ ಸಹಸ್ರಮಾನದ ಆರಂಭದಲ್ಲಿ ಅಶ್ಶೂರದ ವರ್ತಕರು ನೆಲಸಿ, ಕತ್ತೆಗಳ ಮೇಲೆ ತವರವನ್ನೂ ಬಟ್ಟೆಯನ್ನೂ ತಂದು ಬೆಳ್ಳಿಬಂಗಾರವನ್ನು ಒಯ್ದರು. ಅವರ ಲೆಕ್ಕಪತ್ರಗಳೂ ಮನೆಯ ಜಗಳದ ಕಾಗದಗಳೂ ಸೇರಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಮಣ್ಣಿನ ಹಲಗೆಗಳು ಅಲ್ಲಿ ಸಿಕ್ಕಿವೆ. ಕತ್ತೆ ಹೊತ್ತು ತರಬಹುದಾದಷ್ಟೇ ಒಳಗೆ ಬರುತ್ತಿತ್ತು, ಕತ್ತೆ ಹೊತ್ತು ಒಯ್ಯಬಹುದಾದಷ್ಟೇ ಹೊರಗೆ ಹೋಗುತ್ತಿತ್ತು. ಬೆಸಿಲನ ಕಾಲಕ್ಕೂ ಇದು ಬಹಳ ಬದಲಾಗಿರಲಿಲ್ಲ.

ಕ್ರಿಸ್ತಶಕ 368-69ರ ಬರವನ್ನು ಅರಿಯಲು ಈ ಮಾತು ಬೇಕು. ಆ ಚಳಿಗಾಲದಲ್ಲಿ ಹಿಮವೂ ಸರಿಯಾಗಿ ಬೀಳಲಿಲ್ಲ, ಮಳೆಯೂ ಬರಲಿಲ್ಲ. ಬೆಸಿಲ್ ಆಗ ಇನ್ನೂ ಬಿಷಪನಾಗಿರಲಿಲ್ಲ. ಕೈಸರೈಯದ ಸಭೆಯಲ್ಲಿ ಪ್ರೆಸ್ಬಿಟರನಾಗಿದ್ದನು. ಬರಗಾಲದಲ್ಲಿ ಆತ ಮಾಡಿದ ಪ್ರಸಂಗ ಉಳಿದುಬಂದಿದೆ. ಮೋಡವಿಲ್ಲದ ಆಕಾಶ, ಬಿರಿದ ಹೊಲ, ಮಕ್ಕಳು ನಡೆದು ದಾಟಬಹುದಾದ ನದಿ, ಹೊಲದಲ್ಲಿ ಮೊಣಕಾಲು ತಬ್ಬಿ ಕುಳಿತು ಅಳುವ ರೈತ, ಇವೆಲ್ಲ ಅದರಲ್ಲಿವೆ. ಸಭಾಪಾಲಕರಾದ ನಮಗೆ ಅದರಲ್ಲಿ ನಾಟುವ ಇನ್ನೊಂದು ಸಂಗತಿಯಿದೆ. ಬರನಿವಾರಣೆಯ ಪ್ರಾರ್ಥನೆಗೆ ದೊಡ್ಡವರು ಬರಲೇ ಇಲ್ಲವಂತೆ, ಅವರಿಗೆ ವ್ಯಾಪಾರವಿತ್ತು. ಬಂದವರು ಮಕ್ಕಳು, ಅವರಿಗಾದರೋ ಪಾಠಶಾಲೆಗೆ ರಜೆ ಸಿಕ್ಕಿದ ಸಂತೋಷ. ಪಾಪ ಮಾಡಿದವರು ಮನೆಯಲ್ಲಿ, ಪಾಪವರಿಯದವರು ಪ್ರಾರ್ಥನೆಯಲ್ಲಿ ಎಂದು ಬೆಸಿಲ್ ಕೆರಳುತ್ತಾನೆ. ಹದಿನಾರು ಶತಮಾನಗಳ ಈಚೆಗೆ ನಿಂತು ಓದುವಾಗಲೂ ಆ ಸಭೆಯ ಖಾಲಿ ಸಾಲುಗಳು ಕಣ್ಣಿಗೆ ಕಟ್ಟುತ್ತವೆ.

ಕಣಜಗಳನ್ನು ಕೆಡವಿ ದೊಡ್ಡದಾಗಿ ಕಟ್ಟಿಸುವೆನೆಂದ ಐಶ್ವರ್ಯವಂತನ ಸಾಮ್ಯವನ್ನು ಕುರಿತ ಆತನ ಇನ್ನೊಂದು ಪ್ರಸಂಗ ಇದಕ್ಕಿಂತ ಕಠಿಣವಾದದ್ದು. ಹಸಿದ ತಂದೆಯೊಬ್ಬನು ತನ್ನ ಮಕ್ಕಳಲ್ಲಿ ಯಾರನ್ನು ಮಾರಬೇಕೆಂದು ಲೆಕ್ಕ ಹಾಕುತ್ತ ನಿಂತಿರುವುದನ್ನು ಬೆಸಿಲ್ ಅದರಲ್ಲಿ ವರ್ಣಿಸುತ್ತಾನೆ: ಹಿರಿಯನನ್ನೋ, ಕಿರಿಯನನ್ನೋ, ಮಾರಿದರೆ ಹೇಗೆ ಬದುಕಲಿ, ಮಾರದಿದ್ದರೆ ಎಲ್ಲರನ್ನೂ ಹೇಗೆ ಬದುಕಿಸಲಿ. ಕಾಳಿನ ವರ್ತಕನು ಎದುರಿಗೆ ಕುಳಿತು ಬೆಲೆ ಚೌಕಾಸಿ ಮಾಡುತ್ತಿದ್ದಾನೆ. ಇದು ಕೇವಲ ವಾಕ್ಚಾತುರ್ಯವಿರಬಹುದೇ ಎಂಬ ಪ್ರಶ್ನೆ ನಮ್ಮಲ್ಲೂ ಬಂತು. ಅಥೇನ್ಸಿನಲ್ಲಿ ಅಲಂಕಾರಶಾಸ್ತ್ರ ಕಲಿತವನು ಬೆಸಿಲ್. ಆದರೆ ಅವನ ಕೇಳುಗರಲ್ಲಿ ಮಾರುವವರೂ ಇದ್ದರು, ಕೊಳ್ಳುವವರೂ ಇದ್ದರು. ಇಲ್ಲದ್ದನ್ನು ಇದೆಯೆಂದು ಅವರ ಮುಂದೆ ಹೇಳಿ ದಕ್ಕಿಸಿಕೊಳ್ಳುವುದು ಸುಲಭವಲ್ಲ.

ಈ ಬರ ಏಕೆ ಇಷ್ಟು ಕ್ರೂರವಾಯಿತು? ನಾಜಿಯಾನ್ಜಸ್‌ನ ಗ್ರೆಗೊರಿಯು ಗೆಳೆಯನ ಮರಣದ ತರುವಾಯ ಮಾಡಿದ ಶ್ರದ್ಧಾಂಜಲಿಯ ಪ್ರಸಂಗದಲ್ಲಿ ಇದಕ್ಕೆ ಉತ್ತರವಿದೆ. ಕಡಲತೀರದ ಪಟ್ಟಣಗಳು ಬರವನ್ನು ಹೇಗೋ ತಾಳಿಕೊಳ್ಳುತ್ತವೆ, ಅವುಗಳಿಗೆ ಹಡಗಿದೆ. ಒಳನಾಡಿನವರಾದ ನಮಗೆ ಹೆಚ್ಚು ಬೆಳೆದರೆ ಮಾರುವ ದಾರಿಯಿಲ್ಲ, ಕಡಿಮೆಯಾದರೆ ತರಿಸುವ ದಾರಿಯಿಲ್ಲ ಎಂಬರ್ಥದಲ್ಲಿ ಆತ ವಿವರಿಸುತ್ತಾನೆ. ಹೀಗಾಗಿ ಬರ ಬಂದಾಗ ಊರಿನಲ್ಲಿರುವ ಕಾಳೇ ಕಾಳು. ಅದು ಯಾರ ಕಣಜದಲ್ಲಿದೆಯೋ ಅವನ ಕೈಯಲ್ಲಿ ಊರಿನ ಪ್ರಾಣ. ನಮ್ಮಲ್ಲಿ ಮೂವರು ಕರಾವಳಿಯವರು, ಒಬ್ಬರು ಬಯಲುಸೀಮೆಯವರು. ಧಾತು ಈಶ್ವರ ಬರದ ಕಥೆಗಳನ್ನು ಹಿರಿಯರ ಬಾಯಲ್ಲಿ ಕೇಳಿ ಬೆಳೆದ ಆ ಒಬ್ಬರಿಗೆ ಈ ವಾಕ್ಯವನ್ನು ಯಾರೂ ವಿವರಿಸಬೇಕಾಗಲಿಲ್ಲ.

ಬೆಸಿಲ್ ಏನು ಮಾಡಿದನು ಎಂಬುದನ್ನೂ ಗ್ರೆಗೊರಿಯೇ ಹೇಳುತ್ತಾನೆ. ಮಾತಿನ ಬಲದಿಂದ ಧನಿಕರ ಕಣಜಗಳನ್ನು ತೆರೆಸಿದನು. ಹಸಿದವರನ್ನೆಲ್ಲ ಒಂದೆಡೆ ಕೂಡಿಸಿದನು. ಬೇಳೆಯ ಗಂಜಿಯ ಕಡಾಯಿಗಳನ್ನೂ ಆ ಸೀಮೆಯ ಉಪ್ಪುಮಾಂಸವನ್ನೂ ಮುಂದಿಟ್ಟು, ಸೊಂಟಕ್ಕೆ ಬಟ್ಟೆ ಕಟ್ಟಿಕೊಂಡು ತನ್ನ ಸೇವಕರೊಂದಿಗೆ ತಾನೂ ಬಡಿಸಿದನು. ಕೈಸೇರಿಯ ಪೇಟೆಯಲ್ಲಿ ಇಂದಿಗೂ ಉಪ್ಪು ಹಚ್ಚಿ ಒಣಗಿಸಿದ ಮಾಂಸವೇ ಪ್ರಸಿದ್ಧ. ಪಾಸ್ತರ್ಮ ಎಂದು ಕರೆದು ಅಂಗಡಿಗಳ ಮುಂದೆ ಸಾಲಾಗಿ ತೂಗುಹಾಕಿರುತ್ತಾರೆ. ಬೆಸಿಲನ ಕಡಾಯಿಗೂ ಈ ಅಂಗಡಿಗೂ ನೇರ ಸಂಬಂಧ ಕಲ್ಪಿಸುವುದು ಇತಿಹಾಸಕಾರರ ಕೆಲಸವಲ್ಲ. ಆದರೂ ನಾವು ಒಂದಿಷ್ಟು ಕೊಂಡೆವು.

370ರಲ್ಲಿ ಬಿಷಪನಾದ ಮೇಲೆ ಬೆಸಿಲ್ ಪಟ್ಟಣದ ಹೊರಗೆ ಬಡವರಿಗೂ ರೋಗಿಗಳಿಗೂ ಪರದೇಶಿಗಳಿಗೂ ಕಟ್ಟಿಸಿದ ಆಶ್ರಯಸ್ಥಾನ ಬೆಸಿಲಿಯಾಸ್ ಎಂದು ಹೆಸರಾಯಿತು. ಪ್ರಾಂತಾಧಿಪತಿಗೆ ಬರೆದ ಪತ್ರದಲ್ಲಿ ಆತ ಇದನ್ನು ಸಮರ್ಥಿಸಿಕೊಳ್ಳುತ್ತಾನೆ: ಇಲ್ಲಿ ಆರೈಕೆ ಮಾಡುವವರಿದ್ದಾರೆ, ವೈದ್ಯರಿದ್ದಾರೆ, ಹೊರೆ ಹೊರುವ ಪ್ರಾಣಿಗಳಿವೆ, ಕೈಕಸುಬಿನ ಮನೆಗಳಿವೆ, ಇದರಿಂದ ರಾಜ್ಯಕ್ಕೆ ಏನು ನಷ್ಟ? ಕುಷ್ಠರೋಗಿಗಳನ್ನು ಊರು ಹೊರಗೆ ಅಟ್ಟಿದ ಕಾಲದಲ್ಲಿ ಬಿಷಪನೊಬ್ಬ ಅವರನ್ನು ಮುಟ್ಟಿ ಅಪ್ಪಿಕೊಂಡನೆಂಬುದು ಗ್ರೆಗೊರಿಯ ಸಾಕ್ಷ್ಯ. ಕೈಸೇರಿಯಲ್ಲಿ ಬೆಸಿಲಿಯಾಸಿನ ಒಂದು ಗೋಡೆಯನ್ನಾದರೂ ತೋರಿಸಿರೆಂದು ಕೇಳಿದವರು ನಿರಾಶರಾಗುತ್ತಾರೆ. ಆದರೆ ಹಳೆಯ ಪಟ್ಟಣ ಹಾಳಾಗುತ್ತ ಬಂದು, ಮಧ್ಯಯುಗದ ಊರು ಬೆಸಿಲನ ಆಶ್ರಯಸ್ಥಾನದ ಸುತ್ತಲೇ ಬೆಳೆಯಿತೆಂದು ಹಲವು ವಿದ್ವಾಂಸರು ಅಭಿಪ್ರಾಯಪಡುತ್ತಾರೆ. ಅದು ನಿಜವಾದರೆ, ಊರಿನ ಹೊರಗೆ ರೋಗಿಗಳಿಗೆಂದು ಬಿಟ್ಟ ಜಾಗದ ಮೇಲೆ ಇಂದಿನ ಪೇಟೆ ನಿಂತಿದೆ.

ಬೆಸಿಲ್ ಪವಿತ್ರಾತ್ಮನನ್ನು ಕುರಿತ ಗ್ರಂಥವನ್ನು ಬರೆದದ್ದು 375ರ ಸುಮಾರಿಗೆ. ಯುನೋಮಿಯನ ವಿರುದ್ಧ ಬರೆದದ್ದು ಅದಕ್ಕೂ ಸುಮಾರು ಹತ್ತು ವರ್ಷ ಮೊದಲು. ಬರ ಇವೆರಡರ ನಡುವೆ ಬಂತು. ನಮ್ಮ ಪಠ್ಯಕ್ರಮದಲ್ಲಿ ಗ್ರಂಥಗಳು ದೈವಶಾಸ್ತ್ರದ ಪಾಲಿಗೆ, ಬರ ಸಮಾಜಸೇವೆಯ ಪಾಲಿಗೆ ಹೋಗಿವೆ. ತಂದೆ, ಮಗ, ಪವಿತ್ರಾತ್ಮರಲ್ಲಿ ಒಬ್ಬರು ಹೆಚ್ಚು ಮತ್ತೊಬ್ಬರು ಕಡಿಮೆ ಎಂಬ ತಾರತಮ್ಯವಿಲ್ಲ, ಒಬ್ಬರದ್ದು ಎಲ್ಲವೂ ಇನ್ನೊಬ್ಬರದ್ದು ಎಂದು ವಾದಿಸಿದ ಬಾಯಿಯೇ, ಕಣಜದಲ್ಲಿರುವ ಕಾಳು ಹಸಿದವನದು ಎಂದೂ ಹೇಳಿತು. ಮೊದಲನೆಯದರಿಂದ ಎರಡನೆಯದು ತರ್ಕಬದ್ಧವಾಗಿ ಹುಟ್ಟಿತೆಂದು ನಾವು ಹೇಳುವುದಿಲ್ಲ. ಬೆಸಿಲನೂ ಹಾಗೆ ಹೇಳಿಲ್ಲ. ಆದರೆ ಎರಡನ್ನೂ ಕೇಳಿದ್ದು ಒಂದೇ ಸಭೆ. ಅಂದಹಾಗೆ, ಅದೇ ಪವಿತ್ರಾತ್ಮ ಗ್ರಂಥದ ಕೊನೆಗೆ ಸಭೆಯ ಕಲಹವನ್ನು ಬಣ್ಣಿಸಲು ಆತ ಆರಿಸಿಕೊಂಡದ್ದು ಬಿರುಗಾಳಿಯ ನಡುವೆ ನಡೆಯುವ ಹಡಗುಗಳ ಯುದ್ಧವನ್ನು. ಕಡಲಿಲ್ಲದ ನಾಡಿನವನಿಗೆ ಕಡಲೇ ಭಯಂಕರವಾದ ಉಪಮೆಯಾಗಿ ಒದಗಿತು.

ಪಿತೃಗಳನ್ನು ಹೀಗೆ ಹೊಗಳುವಾಗ ಒಂದು ಮುಳ್ಳು ಚುಚ್ಚುತ್ತದೆ. ಅದನ್ನು ಮುಚ್ಚಿಡಲು ನಮಗೆ ಮನಸ್ಸಿಲ್ಲ. ಅವರ ಎದುರಾಳಿ ಯುನೋಮಿಯನೂ ಕಪ್ಪದೋಕ್ಯದವನೇ, ಸಣ್ಣ ಹಿಡುವಳಿಯ ರೈತನ ಮಗ. ಬೆಸಿಲನೂ ಇಬ್ಬರು ಗ್ರೆಗೊರಿಗಳೂ ಭೂಮಾಲಿಕರ ಮಕ್ಕಳು. ನಿಸ್ಸಾದ ಗ್ರೆಗೊರಿಯು ಯುನೋಮಿಯನ ಸಿದ್ಧಾಂತವನ್ನು ಖಂಡಿಸುವ ಮುನ್ನ ಅವನ ಹುಟ್ಟನ್ನು ಹಂಗಿಸುತ್ತಾನೆ: ತಂದೆ ನೇಗಿಲಿಗೆ ಬಾಗಿದವನು, ಚಳಿಗಾಲದಲ್ಲಿ ಮಕ್ಕಳಿಗೆ ಅಕ್ಷರದಚ್ಚು ಕೆತ್ತಿಕೊಟ್ಟು ಹೊಟ್ಟೆ ಹೊರೆದವನು ಎಂದು. ಸಿದ್ಧಾಂತದಲ್ಲಿ ಯುನೋಮಿಯನು ತಪ್ಪಿದನೆಂದು ಸಭೆ ನಿರ್ಣಯಿಸಿತು, ನಾವೂ ಒಪ್ಪುತ್ತೇವೆ. ಆದರೆ ಹೊಲದಲ್ಲಿ ಮೊಣಕಾಲು ತಬ್ಬಿ ಕುಳಿತ ರೈತನಿಗಾಗಿ ಅಣ್ಣನು ಅತ್ತ ಮೇಲೂ ತಮ್ಮನು ಇನ್ನೊಬ್ಬ ರೈತನ ನೇಗಿಲನ್ನು ಹಾಸ್ಯ ಮಾಡಿದನು. ಇದೇ ಗ್ರೆಗೊರಿಯು ಪ್ರಸಂಗಿಯ ಗ್ರಂಥವನ್ನು ವಿವರಿಸುವಾಗ, ದೇವರ ಸ್ವರೂಪದಲ್ಲಿರುವ ಮನುಷ್ಯನಿಗೆ ಯಾರು ಬೆಲೆ ಕಟ್ಟಬಲ್ಲರೆಂದು ಕೇಳಿ ಗುಲಾಮಗಿರಿಯನ್ನೇ ಪ್ರಶ್ನಿಸಿದನು. ಆ ಶತಮಾನದಲ್ಲಿ ಅಷ್ಟು ನೇರವಾಗಿ ಹಾಗೆ ಮಾತನಾಡಿದ ಇನ್ನೊಬ್ಬರನ್ನು ತೋರಿಸುವುದು ಕಷ್ಟ. ಎರಡೂ ಒಬ್ಬನ ಬರಹವೇ. ಅವರ ಅಕ್ಕ ಮ್ಯಾಕ್ರಿನಾಳಾದರೋ ಪುಸ್ತಕ ಬರೆಯಲಿಲ್ಲ. ಅದೇ ಬರಗಾಲದಲ್ಲಿ ದಾರಿಬದಿಯಲ್ಲಿ ಬಿದ್ದಿದ್ದ ಹೆಣ್ಣುಮಕ್ಕಳನ್ನು ಪೊಂತದಲ್ಲಿದ್ದ ತನ್ನ ಆಶ್ರಮಕ್ಕೆ ಎತ್ತಿ ತಂದು ಸಾಕಿದಳು. ಅವಳು ಸತ್ತಾಗ ಅವರು ಅವಳನ್ನು ತಾಯಿಯೆಂದು ಕರೆದು ಅತ್ತರೆಂಬುದು ತಮ್ಮನು ಬರೆದ ಚರಿತ್ರೆಯಿಂದ ತಿಳಿಯುತ್ತದೆ.

ಕೈಸೇರಿಯಿಂದ ಪಶ್ಚಿಮಕ್ಕೆ ಒಂದು ಗಂಟೆ ಪ್ರಯಾಣ ಮಾಡಿದರೆ ಗೊರೆಮೆ. ಲಕ್ಷಾಂತರ ವರ್ಷಗಳ ಕಾಲ ಜ್ವಾಲಾಮುಖಿಗಳು ಉಗುಳಿದ ಬೂದಿ ಪದರಪದರವಾಗಿ ಗಟ್ಟಿಕೊಂಡು ಮೆದುವಾದ ಕಲ್ಲಾಗಿದೆ. ಮಳೆಯೂ ಗಾಳಿಯೂ ಅದನ್ನು ಕೊರೆದು ಶಂಕುಗಳನ್ನೂ ಕಂಬಗಳನ್ನೂ ಮಾಡಿವೆ. ಹೊಸದಾಗಿ ಕೊರೆದಾಗ ಉಳಿಗೆ ಸುಲಭವಾಗಿ ಒಲಿಯುವ ಈ ಕಲ್ಲು ಗಾಳಿಗೆ ತೆರೆದುಕೊಂಡ ಮೇಲೆ ಬಿರುಸಾಗುತ್ತದೆ. ಮರವಿಲ್ಲದ ಸೀಮೆಯಲ್ಲಿ ತೊಲೆಯೂ ಬೇಡ, ಗಾರೆಯೂ ಬೇಡ. ಬೆಟ್ಟವನ್ನೇ ಕೊರೆದು ಮನೆ, ಕೊಟ್ಟಿಗೆ, ದ್ರಾಕ್ಷಿಯ ತೊಟ್ಟಿ, ಪಾರಿವಾಳದ ಗೂಡು, ಸಮಾಧಿ ಎಲ್ಲವನ್ನೂ ಮಾಡಿಕೊಂಡರು. ಪಾರಿವಾಳದ ಹಿಕ್ಕೆಯೇ ದ್ರಾಕ್ಷಿತೋಟಕ್ಕೆ ಗೊಬ್ಬರ.

ಇಲ್ಲಿ ಸಭಾಚರಿತ್ರೆಯ ವಿದ್ಯಾರ್ಥಿಗಳು ಎಚ್ಚರವಾಗಿರಬೇಕು. ನಮ್ಮನ್ನು ಕರೆದೊಯ್ದ ಮಾರ್ಗದರ್ಶಿಯು ಪ್ರತಿಯೊಂದು ಗುಹಾದೇವಾಲಯದಲ್ಲೂ ಬೆಸಿಲ್ ಪ್ರಸಂಗ ಮಾಡಿದ್ದನೆಂಬಂತೆ ವಿವರಿಸಿದನು. ಗೊರೆಮೆಯ ಪ್ರಸಿದ್ಧ ದೇವಾಲಯಗಳಲ್ಲಿ ಹೆಚ್ಚಿನವು ಹತ್ತು, ಹನ್ನೊಂದನೆಯ ಶತಮಾನಗಳವು. ಅರಬರ ದಾಳಿಗಳು ಇಳಿಮುಖವಾಗಿ ಬಿಜಾಂತಿಯ ಸಾಮ್ರಾಜ್ಯ ಚೇತರಿಸಿಕೊಂಡ ಕಾಲದ ಕೆಲಸವಿದು. ಬೆಸಿಲ್ ಸತ್ತು ಆಗಲೇ ಐನೂರು, ಆರುನೂರು ವರ್ಷ ಸಂದಿದ್ದವು. ತೋಕಲಿ ಎಂಬ ದೇವಾಲಯದ ಹೊಸ ಭಾಗದಲ್ಲಿ ನೀಲಿ ಹಿನ್ನೆಲೆಯ ಮೇಲೆ ಬೆಸಿಲನ ಜೀವನದ ದೃಶ್ಯಗಳಿವೆ. ಅವು ನೆನಪಿನ ಚಿತ್ರಗಳೇ ಹೊರತು ಕಣ್ಣಾರೆ ಕಂಡವರು ಬರೆದವಲ್ಲ. ಈ ಚಿತ್ರಗಳನ್ನು ಮೊದಲು ಶಾಸ್ತ್ರೀಯವಾಗಿ ದಾಖಲಿಸಿದವನು ಫ್ರಾನ್ಸಿನ ಜೆಸುಯಿಟ್ ಪಾದ್ರಿ ಗಿಯೋಮ್ ದ ಜೆರ್ಫಾನಿಯೋಂ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈ ಕಣಿವೆಗಳಲ್ಲಿ ಅಲೆದ ಆತ ಅದನ್ನು ಬಹುಮಟ್ಟಿಗೆ ಜೀವಮಾನದ ಕೆಲಸವನ್ನಾಗಿ ಮಾಡಿಕೊಂಡನು. ಅನೇಕ ಸಂತರ ಮುಖಗಳಲ್ಲಿ ಕಣ್ಣುಗಳಿಲ್ಲ, ಯಾರೋ ಕೆರೆದಿದ್ದಾರೆ. ಬೆಳಗಿನ ಆಕಾಶದಲ್ಲಿ ಪ್ರವಾಸಿಗಳನ್ನು ಹೊತ್ತ ಬಣ್ಣದ ಬಲೂನುಗಳು ತೇಲುತ್ತವೆ. ಎಲ್ಲವೂ ಬಹು ಸುಂದರವಾಗಿದೆ; ಆದರೆ ನಾವು ಅರಸಿ ಬಂದವರು ಅಲ್ಲಿರಲಿಲ್ಲ.

ಅಲ್ಲಿಂದ ದಕ್ಷಿಣಕ್ಕೆ, ಆಲೂಗಡ್ಡೆಯ ಹೊಲಗಳ ನಡುವೆ ಹೋಗುವ ರಸ್ತೆಯಲ್ಲಿ ದೆರಿನ್‌ಕುಯು. ಹೊರಗಿನಿಂದ ಸಾಧಾರಣ ಪೇಟೆ. ಕೆಳಗೆ ಸುಮಾರು 85 ಮೀಟರ್ ಆಳದವರೆಗೆ ಕೊರೆದ ನೆಲದಡಿಯ ಊರು. ಬಾಗಿ, ಕೆಲವೆಡೆ ಕುಳಿತು ಇಳಿಯಬೇಕು. ಬೀಸುಕಲ್ಲಿನಂಥ ದುಂಡು ಬಂಡೆಗಳನ್ನು ಒಳಗಿನಿಂದ ಉರುಳಿಸಿ ಬಾಗಿಲು ಮುಚ್ಚುತ್ತಿದ್ದರು. ಇದನ್ನು ಯಾವ ಯುಗದವರು ಮೊದಲು ಕೊರೆದರೆಂಬ ಚರ್ಚೆಗಿಂತ, ಕೊನೆಗೆ ಯಾವಾಗ ಬಳಸಿದರೆಂಬ ಸಂಗತಿ ನಮ್ಮನ್ನು ಹೆಚ್ಚು ಕಾಡಿತು. ಆ ಸೀಮೆಯ ಗ್ರೀಕ್ ಆಡುನುಡಿಗಳನ್ನು ಅಭ್ಯಾಸ ಮಾಡಿದ ಇಂಗ್ಲಿಷ್ ವಿದ್ವಾಂಸ ಡಾಕಿನ್ಸ್ 1916ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಹೀಗೊಂದು ವಿವರವಿದೆ: 1909ರಲ್ಲಿ ಅದಾನಾ ಪಟ್ಟಣದಲ್ಲಿ ಕ್ರೈಸ್ತರ ಹತ್ಯಾಕಾಂಡ ನಡೆದ ಸುದ್ದಿ ಬಂದಾಗ, ಆಕ್ಸೊ ಎಂಬ ಹಳ್ಳಿಯ ಬಹುಪಾಲು ಜನರು ಇಂಥ ನೆಲಮಾಳಿಗೆಗಳಿಗೆ ಇಳಿದರು, ಕೆಲವು ರಾತ್ರಿ ಮೇಲೆ ಮಲಗುವ ಧೈರ್ಯ ಅವರಿಗಿರಲಿಲ್ಲ. ಆ ಜನರು ಈ ಗುಹೆಗಳಿಗೆ ಕೊಟ್ಟಿದ್ದ ಹೆಸರಿನ ಅರ್ಥವೂ ಆಶ್ರಯವೆಂದೇ. 1915ರಲ್ಲಿ ಕೈಸೇರಿಯ ಅರ್ಮೇನಿಯನ್ ಕ್ರೈಸ್ತರನ್ನು ಗಡೀಪಾರು ಮಾಡಿದಾಗ ಆಶ್ರಯ ಕೊಡಲು ಯಾವ ಗುಹೆಯೂ ಸಾಲಲಿಲ್ಲ. ಹಾದಿಯಲ್ಲಿ ಸತ್ತವರು, ಕೊಲ್ಲಲ್ಪಟ್ಟವರು ಅಸಂಖ್ಯ. ಅರ್ಮೇನಿಯದ ಅಪೊಸ್ತಲನೆನಿಸಿದ ಪ್ರಕಾಶಕ ಗ್ರೆಗೊರಿಯು ಬೆಳೆದದ್ದೂ ಬಿಷಪನಾಗಿ ಅಭಿಷೇಕ ಹೊಂದಿದ್ದೂ ಇದೇ ಕೈಸರೈಯದಲ್ಲಿ. ಅವನ ಹೆಸರಿನ ಒಂದು ದೇವಾಲಯ ಮಾತ್ರ ನಗರದಲ್ಲಿ ಉಳಿದಿದೆ.

ಭೂಮಿ ನಡುಗಿದರೂ ಬೆಳೆ ಒಣಗಿದರೂ ಯಾರನ್ನಾದರೂ ದೂರುವುದು ಈ ಸೀಮೆಯಲ್ಲಿ ಹಳೆಯ ರೂಢಿಯೇ. ಬೆಸಿಲನಿಗಿಂತ ನೂರು ವರ್ಷ ಮೊದಲು ಕೈಸರೈಯದ ಬಿಷಪನಾಗಿದ್ದ ಫಿರ್ಮಿಲಿಯನು 256ರಲ್ಲಿ ಕಾರ್ಥೇಜಿನ ಸಿಪ್ರಿಯನನಿಗೆ ಬರೆದ ಪತ್ರ ಉಳಿದಿದೆ. ಸುಮಾರು ಇಪ್ಪತ್ತೆರಡು ವರ್ಷಗಳ ಹಿಂದೆ ಕಪ್ಪದೋಕ್ಯದಲ್ಲಿಯೂ ಪೊಂತದಲ್ಲಿಯೂ ಭೂಕಂಪಗಳಾಗಿ ಊರುಗಳು ಕುಸಿದವು, ಅದರ ಬೆನ್ನಿಗೇ ಕ್ರೈಸ್ತರಿಗೆ ಹಿಂಸೆಯಾಯಿತು, ಭಯದಿಂದ ಜನ ಊರು ಬಿಟ್ಟರು ಎಂದು ಆತ ನೆನೆಯುತ್ತಾನೆ. ಆ ಗೊಂದಲದಲ್ಲಿ ಪ್ರವಾದಿನಿಯೆಂದು ಹೇಳಿಕೊಂಡ ಸ್ತ್ರೀಯೊಬ್ಬಳು ಚಳಿಗಾಲದ ಹಿಮದಲ್ಲಿ ಬರಿಗಾಲಿನಲ್ಲಿ ನಡೆಯುತ್ತ, ದೀಕ್ಷಾಸ್ನಾನವನ್ನೂ ರೊಟ್ಟಿಯ ಸಂಸ್ಕಾರವನ್ನೂ ನಡೆಸುತ್ತಿದ್ದಳಂತೆ. ಫಿರ್ಮಿಲಿಯನು ಅವಳಲ್ಲಿ ದೆವ್ವವಿತ್ತೆನ್ನುತ್ತಾನೆ. ಅವಳ ಕಡೆಯ ಮಾತನ್ನು ಬರೆದಿಟ್ಟವರಿಲ್ಲ.

ನೀಗ್ದೆಯ ಕಡೆಗೆ ಹೋಗುವ ಬಯಲಿನಲ್ಲಿ ಹಸಾಕೊಯ್ ಎಂಬ ಹಳ್ಳಿಯಿದೆ. ಇದೇ ಸಾಸಿಮ. ಇಲ್ಲಿಗೆ ಬರುವುದು ನಮ್ಮ ಹಟವಾಗಿತ್ತು. 372ರ ಹೊತ್ತಿಗೆ ಚಕ್ರವರ್ತಿ ವಾಲೆನ್ಸನು ಕಪ್ಪದೋಕ್ಯವನ್ನು ಎರಡಾಗಿ ಒಡೆದನು. ಹೊಸ ಭಾಗದ ರಾಜಧಾನಿಯಾದ ತ್ಯಾನದ ಬಿಷಪ್ ಅಂಥಿಮನು, ಸಭೆಯ ಆಡಳಿತವೂ ಅದರಂತೆ ಒಡೆಯಬೇಕೆಂದು ಹಟ ಹಿಡಿದು, ಬೆಸಿಲನ ಸಭೆಗೆ ಸಲ್ಲಬೇಕಾದ ವಸ್ತುಗಳನ್ನು ಹೊತ್ತು ಬರುತ್ತಿದ್ದ ಹೇಸರಗತ್ತೆಗಳನ್ನೇ ತಡೆದನು. ಬೆಸಿಲ್ ತನ್ನ ಪಕ್ಷವನ್ನು ಬಲಪಡಿಸಲು ತಮ್ಮನನ್ನು ನಿಸ್ಸಾಕ್ಕೂ, ಗೆಳೆಯನನ್ನು ಸಾಸಿಮಕ್ಕೂ ಬಿಷಪರನ್ನಾಗಿ ಮಾಡಿದನು. ಗೆಳೆಯ ಗ್ರೆಗೊರಿಯು ಇದನ್ನು ಎಂದಿಗೂ ಕ್ಷಮಿಸಲಿಲ್ಲ. ಮೂರು ದಾರಿ ಕೂಡುವ, ನೀರಿಲ್ಲದ, ಹಸುರಿಲ್ಲದ, ಧೂಳೂ ಗಾಡಿಗಳ ಸದ್ದೂ ಸುಂಕದವರ ಗಲಾಟೆಯೂ ತುಂಬಿದ ಹಾಳೂರು ಎಂದು ಅವನು ತನ್ನ ಆತ್ಮಕಥೆಯ ಪದ್ಯದಲ್ಲಿ ಸಾಸಿಮವನ್ನು ಶಪಿಸಿದ್ದಾನೆ. ಬೆಸಿಲನ ಶ್ರದ್ಧಾಂಜಲಿಯಲ್ಲಿಯೂ, ಅಷ್ಟು ಹೊಗಳಿಕೆಯ ನಡುವೆ, ಈ ಒಂದು ನೋವನ್ನು ಮರೆಯದೆ ಎತ್ತಿದನು. ಮೂವರು ಒಂದೇ ಮನಸ್ಸಿನಿಂದ ಸಿದ್ಧಾಂತ ಕಟ್ಟಿದರೆಂದು ತರಗತಿಯಲ್ಲಿ ಹೇಳುವಾಗ ನಾವು ಈ ಮನಸ್ತಾಪವನ್ನು ಅಡಿಟಿಪ್ಪಣಿಗೆ ತಳ್ಳುತ್ತಿದ್ದೆವು.

ಆದರೆ ಸಾಸಿಮ ಸುಮ್ಮನೆ ಹಾಳೂರಲ್ಲ. 333ರಲ್ಲಿ ಬೋರ್ಡೊ ಪಟ್ಟಣದಿಂದ ಯೆರೂಸಲೇಮಿಗೆ ಹೋದ, ಹೆಸರು ತಿಳಿಯದ ಯಾತ್ರಿಕನ ದಾರಿಪಟ್ಟಿಯಲ್ಲಿ ಅದು ತಂಗುದಾಣವಾಗಿ ಬರುತ್ತದೆ; ಸ್ವಲ್ಪ ಮುಂದೆ, ರಥದ ಓಟಕ್ಕೆ ಕುದುರೆ ಸಾಕುವ ಒಂದು ದೊಡ್ಡ ಎಸ್ಟೇಟನ್ನೂ ಆತ ಗುರುತಿಸುತ್ತಾನೆ. ಸೈನ್ಯ ಸಾಗುವುದೂ ಯಾತ್ರಿಕರು ಹೋಗುವುದೂ ಇದೇ ಹಾದಿ. ಅಂದರೆ ಒಳನಾಡಿಗೆ ಇದ್ದ ಬಂದರು ಇಂಥ ಊರೇ. ಅದಕ್ಕಾಗಿಯೇ ಅಂಥಿಮನಿಗೂ ಬೆಸಿಲನಿಗೂ ಅದು ಬೇಕಾಗಿತ್ತು. ಬರಗಾಲದಲ್ಲಿ ಗಂಜಿ ಬಡಿಸಿದ ಕೈಯೇ ಈ ದಾರಿಯ ಮೇಲೆ ಹಿಡಿತ ಸಾಧಿಸಲು ಗೆಳೆಯನನ್ನು ಕಾಯಿಯಂತೆ ನಡೆಸಿತು ಎಂಬುದನ್ನು ಅಲ್ಲಿ ನಿಂತಾಗ ಒಪ್ಪಿಕೊಳ್ಳಬೇಕಾಯಿತು. ನಾವು ಹೋದಾಗ ಗಾಳಿ ಬೀಸುತ್ತಿತ್ತು. ಧೂಳಿನ ವಿಷಯದಲ್ಲಿ ಗ್ರೆಗೊರಿ ಉತ್ಪ್ರೇಕ್ಷೆ ಮಾಡಿಲ್ಲ.

ಗ್ರೆಗೊರಿಯ ಜಾಡು ಹಿಡಿದು ಕೊನೆಗೆ ಹೋದದ್ದು ಹಸನ್ ಪರ್ವತದ ಬಳಿಯ ಗ್ಯೂಜೆಲ್‌ಯುರ್ತಿಗೆ. ಹಿಂದೆ ಇದು ಕಾರ್ವಾಲಿ, ಗ್ರೀಕ್ ಸಂಪ್ರದಾಯದ ಕ್ರೈಸ್ತರ ಊರು. 1923ರ ಜನವರಿ 30ರಂದು ಲೊಸಾನಿನಲ್ಲಿ ಗ್ರೀಸ್ ಮತ್ತು ತುರ್ಕಿ ಸಹಿ ಹಾಕಿದ ಒಪ್ಪಂದದಂತೆ ಎರಡು ದೇಶಗಳ ಜನರನ್ನು ಬದಲಾಯಿಸಿಕೊಳ್ಳಲಾಯಿತು. ಆಗಲೇ ಓಡಿಹೋಗಿದ್ದವರೂ ಸೇರಿ ಸುಮಾರು 12 ಲಕ್ಷ ಕ್ರೈಸ್ತರು ಅತ್ತ, ಸುಮಾರು 4 ಲಕ್ಷ ಮುಸ್ಲಿಮರು ಇತ್ತ. ವಿಂಗಡಿಸಿದ್ದು ಭಾಷೆಯಿಂದಲ್ಲ, ಧರ್ಮದಿಂದ. ಕಪ್ಪದೋಕ್ಯದ ಕ್ರೈಸ್ತರಲ್ಲಿ ಬಹುಮಂದಿಯ ಮನೆಮಾತು ತುರ್ಕಿ. ಸತ್ಯವೇದವನ್ನೂ ಅವರು ಗ್ರೀಕ್ ಲಿಪಿಯಲ್ಲಿ ಅಚ್ಚಾದ ತುರ್ಕಿ ಭಾಷೆಯಲ್ಲಿಯೇ ಓದುತ್ತಿದ್ದರು. ಕನ್ನಡದಲ್ಲಿ ಪ್ರಾರ್ಥಿಸುವ ನಮಗೆ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ; ಕೇಳಿದ ಭಾಷೆಯಲ್ಲಿ ದೇವರನ್ನು ಕರೆಯುವುದು ಪಂಚಾಶತ್ತಮ ದಿನದಿಂದ ಬಂದದ್ದಷ್ಟೆ. ಆದರೆ ಗ್ರೀಸಿಗೆ ಹೋದಾಗ, ಆಡುವ ಮಾತಿನಿಂದ ಅಲ್ಲಿ ಅವರೇ ಪರದೇಶಿಗಳಾದರು.

ಹೊರಟವರು ತಮ್ಮ ಊರಿನಲ್ಲಿ ಕಾಪಾಡಿಕೊಂಡಿದ್ದ ಗ್ರೆಗೊರಿಯ ಅಸ್ಥಿಗಳನ್ನು ಜೊತೆಗೆ ಒಯ್ದರು. ಗ್ರೀಸಿನ ಕವಾಲಾ ಪಟ್ಟಣದ ಬಳಿ ಅವರು ಕಟ್ಟಿಕೊಂಡ ಊರಿಗೆ ಹೊಸ ಕಾರ್ವಾಲಿ ಎಂದೇ ಹೆಸರು. ಅಸ್ಥಿಗಳು ಅಲ್ಲಿನ ದೇವಾಲಯದಲ್ಲಿವೆ. ಗ್ಯೂಜೆಲ್‌ಯುರ್ತಿನಲ್ಲಿ ಗ್ರೆಗೊರಿಯ ಹೆಸರಿನ ದೇವಾಲಯ ಈಗ ಮಸೀದಿ. ಊರಿನವರು ಅದನ್ನು ಕರೆಯುವುದು ಮಾತ್ರ ಚರ್ಚ್ ಮಸೀದಿಯೆಂದು. ಇಂದು ಅಲ್ಲಿ ನಮಾಜು ಮಾಡುವವರ ಹಿರಿಯರಲ್ಲಿ ಅನೇಕರು ಅದೇ ಒಪ್ಪಂದದಿಂದ ಗ್ರೀಸಿನ ತಮ್ಮ ಹೊಲಮನೆ ಬಿಟ್ಟು ಬಂದವರು.

ನಾವು ಬಾಗಿಲಲ್ಲಿ ಪಾದರಕ್ಷೆ ಕಳಚಿ ಒಳಗೆ ಹೋದೆವು. ಗೋಡೆಗಳಿಗೆ ಸುಣ್ಣ ಬಳಿದಿತ್ತು. ಮಸೀದಿಯ ಮುದುಕರೊಬ್ಬರು ನಮ್ಮನ್ನು ಎಲ್ಲಿಯವರೆಂದು ಕೇಳಿದರು, ಹೇಳಿದೆವು. ಗ್ರೀಸಿನಿಂದ ಬರುವವರು ಇಲ್ಲಿ ನಿಂತು ಅಳುತ್ತಾರೆ, ನಮ್ಮವರೂ ಅಲ್ಲಿಗೆ ಹೋಗಿ ಅಳುತ್ತಾರೆ, ನೀವು ಹಿಂದುಸ್ತಾನದಿಂದ ಯಾರನ್ನು ಹುಡುಕಿಕೊಂಡು ಬಂದಿರಿ ಎಂದು ಅವರು ಕೇಳಿದ್ದಾಗಿ ದುಭಾಷಿ ತಿಳಿಸಿದನು. ಗ್ರೆಗೊರಿಯ ಹೆಸರು ಹೇಳಿದೆವು. ಅವರು ತಲೆಯಾಡಿಸಿ, ಅವನು ಊರು ಬಿಟ್ಟು ಹೋಗಿ ನೂರು ವರ್ಷವಾಯಿತು ಎಂದರು.